ಎಂಟರವರೆಗೆ ಎಣಿಸುವ ಅಂಗೈ

ಬೆಳಗಿನ ಐದೂ ಕಾಲು. ಔಷಧ ಡಿಪೋದ ಹಿಂದಿನ ಅಂಗಳದಲ್ಲಿ ಹದಿನೇಳು ಬೈಕುಗಳು ಸಾಲಾಗಿ ನಿಂತಿವೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಆದರೆ ಗೋಡೆ ಮುಟ್ಟಿದರೆ ನಿನ್ನೆಯ ಬಿಸಿ ಹಾಗೇ ಇದೆ. ತೋಳು ಮಡಚಿದ ಖಾಕಿ ಅಂಗಿಯ ಹೆಂಗಸೊಬ್ಬರು ಮೊದಲನೆಯ ಬೈಕನ್ನು ತಳ್ಳಿಕೊಂಡು ಬಂದು, ಶೆಡ್ಡಿನ ಮುಂದಿನ ಸಿಮೆಂಟು ಕಟ್ಟೆಯ ಮೇಲೆ ಡಬಲ್ ಸ್ಟ್ಯಾಂಡ್ ಹಾಕುತ್ತಾರೆ. ಇಡೀ ಅಂಗಳದಲ್ಲಿ ಸಮತಟ್ಟಾಗಿರುವುದು ಈ ಕಟ್ಟೆ ಮಾತ್ರ. ನೀರಿನ ಬಾಟಲಿ ಅಡ್ಡ ಮಲಗಿಸಿ, ಒಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಸಿಮೆಂಟು ಮೆತ್ತಿ ಅವರೇ ಮಟ್ಟ ಮಾಡಿಕೊಂಡಿದ್ದಾರೆ.

ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದರೆ ಅದರ ಬುಡಕ್ಕೇ ಅಂಟಿಕೊಂಡು ಬೆರಳುದ್ದದ ಕಡ್ಡಿಯೊಂದು ಹೊರಬರುತ್ತದೆ. ಅದನ್ನು ಬಿಳಿ ಬಟ್ಟೆಯ ಚೂರಿನಿಂದ ಒರೆಸುತ್ತಾರೆ. ಮತ್ತೆ ಒಳಗಿಡುತ್ತಾರೆ, ತೆಗೆಯುತ್ತಾರೆ, ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ. ಕಡ್ಡಿಯ ಮೇಲೆ ಎರಡು ಗೀಟುಗಳಿವೆ. ಆಯಿಲ್ ಆ ಎರಡರ ನಡುವೆ ನಿಲ್ಲಬೇಕು. ಮೇಲಿನ ಗೀಟು ದಾಟಿದರೆ ನೊರೆಯೆದ್ದು ಬಿಸಿಯಾಗುತ್ತದೆ. ಕೆಳಗಿನ ಗೀಟಿಗಿಂತ ಇಳಿದರೆ ಸಾಲದೇ ಬಿಸಿಯಾಗುತ್ತದೆ.

ಡಿಪೋದ ಹಾಜರಿ ಪುಸ್ತಕದಲ್ಲಿ ಇವರು ಬರೀ 'ಮೆಕ್ಯಾನಿಕ್'. ಬೈಕ್ ಓಡಿಸುವವರ ಬಾಯಲ್ಲಿ 'ಕಡ್ಡಿಯಕ್ಕ'. ಐವತ್ತೊಂದು ವರ್ಷ. ಡಿಪೋಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಲ್ಲಿಂದ ಹೊರಡುವ ಔಷಧಗಳು ಆಸ್ಪತ್ರೆಗಳಿಗೆ, ಹಾಸಿಗೆ ಹಿಡಿದವರ ಮನೆಗಳಿಗೆ, ದೂರದ ಆರೋಗ್ಯ ಕೇಂದ್ರಗಳಿಗೆ ಮಧ್ಯಾಹ್ನದೊಳಗೆ ತಲುಪಬೇಕು. ತಂಪು ಪೆಟ್ಟಿಗೆಯಲ್ಲಿಟ್ಟ ಔಷಧಕ್ಕೆ ಐದೇ ಗಂಟೆಯ ಆಯುಸ್ಸು. ಪೆಟ್ಟಿಗೆಯೊಳಗಿನ ತಂಪನ್ನು ಐಸ್ ನೋಡಿಕೊಳ್ಳುತ್ತದೆ. ಪೆಟ್ಟಿಗೆ ಹೊತ್ತ ಬೈಕಿನ ತಂಪು ಇವರ ಜವಾಬ್ದಾರಿ.

ಕಡ್ಡಿಯಕ್ಕನಿಗೆ ಬೈಕ್ ಓಡಿಸಲು ಬರುವುದಿಲ್ಲ. ಕೇಳಿದರೆ ನಗುತ್ತಾರೆ.

"ತಳ್ಳೋಕೆ ಬರುತ್ತೆ. ಓಡಿಸೋಕೆ ಬರಲ್ಲ. ಆದ್ರೆ ಯಾವುದು ಎಲ್ಲಿಗೆ ಹೋಗಿ ಬಂತು, ಯಾರು ಹೇಗೆ ಓಡಿಸಿದ್ರು ಅಂತ ಆಯಿಲ್ ನೋಡಿ ಹೇಳ್ತೀನಿ. ಸುಳ್ಳು ಹೇಳೋರು ನನ್ನ ಮುಂದೆ ಹೇಳಲ್ಲ."

ಒಂದು ಬೈಕಿಗೆ ಐದಾರು ನಿಮಿಷ. ಆಯಿಲ್ ನೋಡಿದ ಮೇಲೆ ಎಂಜಿನ್ನಿನ ಮೈಯ ಸರದಿ. ಎಂಜಿನ್ ಸುತ್ತ ಪಕ್ಕೆಲುಬಿನ ಹಾಗೆ ಎದ್ದ ತೆಳು ಲೋಹದ ಪಟ್ಟಿಗಳಿವೆ. ಗಾಳಿ ಅವುಗಳ ಸಂದಿಯಲ್ಲಿ ಹರಿದುಹೋಗುವಾಗ ಬಿಸಿಯನ್ನು ಒಯ್ಯುತ್ತದೆ. ಸಂದಿಯಲ್ಲಿ ಮಣ್ಣು ಕೂತರೆ ಎಂಜಿನ್ನಿಗೆ ಬೇಸಿಗೆಯಲ್ಲಿ ಕಂಬಳಿ ಹೊದಿಸಿದಂತೆ. ಕಡ್ಡಿಯಕ್ಕ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸಂದಿಸಂದಿಯನ್ನೂ ಉಜ್ಜುತ್ತಾರೆ. ಇಂಥ ಬ್ರಷ್ಷುಗಳು ಡಬ್ಬಿಯೊಂದರಲ್ಲಿ ಒಂದು ಹಿಡಿಯಷ್ಟಿವೆ. ಡಿಪೋದಲ್ಲಿ ಯಾರೂ ಹಳೆಯ ಬ್ರಷ್ಷು ಎಸೆಯುವಂತಿಲ್ಲ.

ಬಿಳಿ ಬಟ್ಟೆಯ ಚೂರುಗಳು ಮನೆಯಿಂದ ಬರುತ್ತವೆ. ಅವರ ಯಜಮಾನರು ದರ್ಜಿ. ನೂಲು ಬಿಡದ ಬಿಳಿ ಬಟ್ಟೆಯನ್ನು ಅಂಗೈಯಗಲ ಕತ್ತರಿಸಿ ವಾರಕ್ಕೊಂದು ಕಟ್ಟು ಕೊಡುತ್ತಾರೆ. ಬಿಳಿಯೇ ಬೇಕು, ಯಾಕೆಂದರೆ ಒರೆಸಿದ ಆಯಿಲಿನ ಬಣ್ಣ ಬಿಳಿಯ ಮೇಲೆ ಮಾತ್ರ ನಿಜ ಹೇಳುತ್ತದೆ. ಜೇನಿನ ಬಣ್ಣವಾದರೆ ಇನ್ನೂ ಓಡಬಹುದು, ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬದಲಿಸಬೇಕು. ಬೇಸಿಗೆಯಲ್ಲಿ ಅವರು ಬೈಕಿನ ಪುಸ್ತಕ ಹೇಳಿದ್ದಕ್ಕಿಂತ ಮುಂಚೆಯೇ ಬದಲಿಸುತ್ತಾರೆ, ದಿನಕ್ಕೆ ಎರಡೋ ಮೂರೋ ಬೈಕು. ತನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡದ ಹೆಂಡತಿ ಬೈಕುಗಳ ಮೈ ಮಾತ್ರ ದಿನಾ ಮುಟ್ಟಿ ನೋಡುತ್ತಾಳೆ ಎಂದು ದರ್ಜಿಯವರು ಗಿರಾಕಿಗಳ ಮುಂದೆ ದೂರು ಹೇಳುವುದುಂಟಂತೆ. ಹಾಗೆ ದೂರುತ್ತಲೇ ಬಟ್ಟೆಯನ್ನೂ ಕತ್ತರಿಸಿ ಕೊಡುತ್ತಾರೆ.

ಆರೂವರೆಗೆ ಓಡಿಸುವವರು ಒಬ್ಬೊಬ್ಬರೇ ಬರುತ್ತಾರೆ. ಅಂಗಳದಲ್ಲಿ ಯಾರಿಗೂ ಹೆಸರಿಲ್ಲ, ಬೈಕಿನ ನಂಬರೇ ಹೆಸರು. ಇವತ್ತು ನಾಲ್ಕು ಬಂದು ಕೈ ಕಟ್ಟಿ ನಿಲ್ಲುತ್ತಾನೆ. ನಿನ್ನೆ ಬಿಸಿಲಲ್ಲಿ ಬೈಕಿನ ಮೇಲೆ ಕನಿಕರ ಹುಟ್ಟಿ, ಕಾದ ಎಂಜಿನ್ನಿಗೆ ಒಂದು ಬಾಟಲಿ ತಣ್ಣೀರು ಸುರಿದಿದ್ದಾನೆ. ಕಾದ ಲೋಹ ಒಮ್ಮೆಲೇ ತಣಿದರೆ ಬಿರುಕು ಬಿಡುತ್ತದೆ. ನೀರಿನ ಕಲೆ ನೋಡಿಯೇ ಅಕ್ಕನಿಗೆ ಗೊತ್ತಾಗಿದೆ.

"ಇನ್ನೊಂದ್ಸಲ ಕನಿಕರ ಬಂದ್ರೆ ನಿನ್ನ ತಲೆ ಮೇಲೆ ಸುರ್ಕೋ. ಅದನ್ನ ನೆರಳಲ್ಲಿ ನಿಲ್ಸಿ ಆಫ್ ಮಾಡು. ಅಷ್ಟೇ ಅದು ಕೇಳೋದು."

"ನನ್ನ ತಲೆ ಬಿರುಕು ಬಿಟ್ರೆ, ಅಕ್ಕ?"

"ಬಿಟ್ಟಾಗಿದೆಯಲ್ಲ."

ಎಲ್ಲರೂ ನಗುತ್ತಾರೆ. ನಾಲ್ಕೂ ನಗುತ್ತಾನೆ.

ಹದಿನೇಳನೆಯದನ್ನು ಅವರು ಕೊನೆಗೆಂದು ಉಳಿಸಿಕೊಂಡಿದ್ದಾರೆ. ಅದನ್ನು ಕಟ್ಟೆಗೆ ತರುವಾಗ ಅಂಗಳದ ಮಾತು ತಾನಾಗಿಯೇ ತಗ್ಗುತ್ತದೆ. ಹದಿನೇಳು ಹೋಗುವುದು ಬೆಟ್ಟದ ಮೇಲಿನ ಆರೋಗ್ಯ ಕೇಂದ್ರಕ್ಕೆ. ಸಪಾಟು ರಸ್ತೆ ಮುಗಿದ ಮೇಲೆ ಹದಿನಾಲ್ಕು ಕಿಲೋಮೀಟರು ಏರು, ಹತ್ತೊಂಬತ್ತು ತಿರುವು, ಬಹುಪಾಲು ಎರಡನೇ ಗೇರಿನಲ್ಲೇ. ವೇಗ ಕಮ್ಮಿ ಇರುವುದರಿಂದ ಗಾಳಿಯೂ ಕಮ್ಮಿ. ಅದನ್ನು ಓಡಿಸುವವರು ಕಡ್ಡಿಯಕ್ಕನ ಅಳಿಯ. ಹೋದ ಬೇಸಿಗೆಯಲ್ಲಿ ಇದೇ ಬೈಕಿನ ಎಂಜಿನ್ ಹನ್ನೊಂದನೇ ತಿರುವಿನಲ್ಲಿ ಕಾದು ಬಿಗಿದುಕೊಂಡು ಸೀಜ್ ಆಯಿತು. ಹಿಂದಿನ ಚಕ್ರ ಕಚ್ಚಿಕೊಂಡು ಅವರು ಬಿದ್ದರು. ಹೆಗಲ ಮೂಳೆ ಮುರಿಯಿತು, ಮೊಣಕಾಲ ಕೆಳಗೆ ಎರಡು ಕಡೆ ಮುರಿಯಿತು. ಹತ್ತು ತಿಂಗಳು ಅವರು ಡಿಪೋದೊಳಗೆ ಕೂತು ಚೀಟಿ ಅಂಟಿಸಿದರು, ಬೆಟ್ಟಕ್ಕೆ ಬಾಡಿಗೆ ಗಾಡಿಯಲ್ಲಿ ಔಷಧ ಹೋಯಿತು. ಇವತ್ತು ಅವರು ಮತ್ತೆ ಬೆಟ್ಟ ಹತ್ತುತ್ತಾರೆ. ಇವತ್ತಿನ ಬಿಸಿಲು ನಲವತ್ತೆರಡು ಡಿಗ್ರಿ ಮುಟ್ಟಲಿದೆಯೆಂದು ರೇಡಿಯೋ ಹೇಳಿದೆ.

ಆ ಎಂಜಿನ್ ಯಾಕೆ ಸೀಜ್ ಆಯಿತೆಂದು ಕಡ್ಡಿಯಕ್ಕ ಕೆಲಸ ನಿಲ್ಲಿಸದೆ ಹೇಳುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಒತ್ತಾಯಿಸಬೇಕಾಗಿ ಬರಲಿಲ್ಲ.

ಅವರು ಮೊದಲು ಒಳಗೆ ಔಷಧ ಪೆಟ್ಟಿಗೆ ಕಟ್ಟುತ್ತಿದ್ದವರು. ಡಿಪೋದ ಹಳೆಯ ಮೇಸ್ತ್ರಿಯೊಬ್ಬರಿಗೆ ಕಣ್ಣು ಮಂಜಾಗಿ ಕಡ್ಡಿಯ ಗೀಟು ಕಾಣದಾಯಿತು. ಗೀಟು ಓದಲು ಒಬ್ಬರು ಬೇಕಿತ್ತು, ಇವರು ಹೋದರು. ಓದುತ್ತ ಓದುತ್ತ ಉಳಿದದ್ದೂ ಬಂತು. ಡಬ್ಬಿಯ ಅಳತೆ ನಂಬಬೇಡ, ಕಡ್ಡಿ ನಂಬು ಎಂದು ಮೇಸ್ತ್ರಿ ಕಲಿಸಿದ್ದರು. ಮುಚ್ಚಳವನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿ, ಬಿಚ್ಚಿ, ಆಮೇಲೆ ಗೀಟು ನೋಡಬೇಕೆಂದೂ ಕಲಿಸಿದ್ದರು. ಆಗಿದ್ದ ಹನ್ನೆರಡು ಬೈಕುಗಳಿಗೆ ಅದೇ ಸರಿ.

ಆಮೇಲೆ ಐದು ಹೊಸ ಬೈಕು ಬಂದವು, ಹದಿಮೂರರಿಂದ ಹದಿನೇಳು. ಇವುಗಳ ಕಡ್ಡಿಯನ್ನು ತಿರುಗಿಸಬಾರದು. ಸುಮ್ಮನೆ ಬಾಯಿಗೆ ತಾಗಿಸಿ ಇಟ್ಟು ತೆಗೆಯಬೇಕು. ತಿರುಗಿಸಿದರೆ ಕಡ್ಡಿ ಅರ್ಧ ಬೆರಳು ಹೆಚ್ಚು ಆಳಕ್ಕಿಳಿಯುತ್ತದೆ, ಆಯಿಲ್ ಇರುವುದಕ್ಕಿಂತ ಜಾಸ್ತಿ ಇದ್ದಂತೆ ತೋರಿಸುತ್ತದೆ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಇದು ಚಿತ್ರ ಸಮೇತ ಇತ್ತು. ಪುಸ್ತಕ ಆಫೀಸಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ, ಭದ್ರವಾಗಿತ್ತು.

"ನಾನು ಹದಿನಾರು ವರ್ಷದಿಂದ ತಿರುಗಿಸ್ತಾ ಇದ್ದೆ. ಕೈಗೆ ಅಭ್ಯಾಸ ಆಗಿಹೋಗಿತ್ತು. ಐದು ಬೈಕಲ್ಲೂ ಒಂದು ಚಹಾ ಲೋಟದಷ್ಟು ಆಯಿಲ್ ಕಮ್ಮಿ ಓಡ್ತಾ ಇತ್ತು. ಚಳಿಗಾಲ ಹೇಗೋ ತಡ್ಕೊಂಡ್ವು. ಊರೊಳಗೆ ಓಡೋ ನಾಲ್ಕು ಬೈಕು ಬೇಸಿಗೇಲೂ ತಡ್ಕೊಂಡ್ವು. ಬೆಟ್ಟ ಹತ್ತೋದು ಎಷ್ಟೂಂತ ತಡ್ಕೊಳ್ಳುತ್ತೆ?"

ಶೆಡ್ಡಿನ ಒಳಗೋಡೆಗೆ ಕಪ್ಪು ಬಣ್ಣ ಬಳಿದಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಹದಿನೇಳು ಸಾಲು ಅಂಕಿಗಳು. ಬೈಕ್ ವಾಪಸು ಬಂದ ಕೂಡಲೇ ಕಡ್ಡಿಯಕ್ಕ ಎಂಜಿನ್ನಿನಿಂದ ಒಂದು ಬೆರಳು ದೂರದಲ್ಲಿ ಅಂಗೈ ಒಡ್ಡಿ, ಬಿಸಿ ತಾಳುವವರೆಗೆ ಎಣಿಸುತ್ತಾರೆ. ಬೇಸಿಗೆಯಲ್ಲಿ ಎಂಟು ಬಂದರೆ ಎಂಜಿನ್ ಆರೋಗ್ಯವಾಗಿದೆ. ಆರಕ್ಕಿಳಿದರೆ ಏನೋ ಇದೆ. ಹೋದ ವರ್ಷ ಹದಿನೇಳರ ಸಾಲಿನಲ್ಲಿ ಏಳಿತ್ತು, ಆಮೇಲೆ ಐದಾಯಿತು, ಕೊನೆಯ ವಾರ ನಾಲ್ಕು. ಹೊಸ ಎಂಜಿನ್ ಬಿಗಿಯಿರುತ್ತದೆ, ಬಿಸಿ ಜಾಸ್ತಿ ಎಂದು ಎಲ್ಲರೂ ಹೇಳುತ್ತಿದ್ದರು. ಅವರೂ ನಂಬಿದರು. ಅಂಗೈ ಹೇಳುತ್ತಿದ್ದದ್ದನ್ನು ತಾನೇ ಬಿಸಿಲಿನ ಲೆಕ್ಕಕ್ಕೆ ಹಾಕಿಬಿಟ್ಟೆ ಎನ್ನುತ್ತಾರೆ.

ಎಂಜಿನ್ ಬಿಚ್ಚಿದ ಗ್ಯಾರೇಜಿನವರೂ ಬಿಸಿಲನ್ನೇ ದೂರಿದ್ದರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಕಡ್ಡಿಯಕ್ಕನಿಗೆ ಸಮಾಧಾನವಾಗಲಿಲ್ಲ. ಹದಿನಾರರ ಆಯಿಲನ್ನು ಪೂರ್ತಿ ಇಳಿಸಿ ಅಳೆದರು. ಕಮ್ಮಿ ಇತ್ತು. ಹದಿನೈದನ್ನೂ ಇಳಿಸಿದರು. ಅದೂ ಅಷ್ಟೇ ಕಮ್ಮಿ. ಬೀರು ತೆಗೆಸಿ ಪುಸ್ತಕ ನೋಡಿದರು. ಕೈ ತೊಳೆಯದೆ ನೇರ ಆಸ್ಪತ್ರೆಗೆ ಹೋಗಿ ಅಳಿಯನಿಗೂ ಮಗಳಿಗೂ ಹೇಳಿದರು. ಮರುದಿನ ಮ್ಯಾನೇಜರಿಗೆ ಬರೆದುಕೊಟ್ಟರು.

ಅಳಿಯ ಅವತ್ತು ಏನೆಂದರು ಎಂದು ಅವರನ್ನೇ ಕೇಳುತ್ತೇನೆ. ಹೆಲ್ಮೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ, ಮೂವತ್ತರ ಆಸುಪಾಸು, ನಡೆಯುವಾಗ ಎಡಗಾಲು ಒಂದಿಷ್ಟು ತಡವಾಗಿ ಬರುತ್ತದೆ.

"ಕ್ಲಚ್ ಹಿಡಿದಿದ್ರೆ ಚಕ್ರ ಬಿಡ್ತಿತ್ತು, ನಾನು ಬೀಳ್ತಾನೇ ಇರಲಿಲ್ಲ. ಅದು ನನ್ನ ತಪ್ಪು. ಹಾಗಾಗಿ ಹೆಗಲು ನಂದು, ಕಾಲು ನಿಮ್ದು ಅಂತ ಅತ್ತೆಗೆ ಹೇಳ್ದೆ. ಅವರು ನಗಲಿಲ್ಲ. ಇವಳೂ ನಗಲಿಲ್ಲ."

ಇವಳು ಎಂದರೆ ಹೆಂಡತಿ, ಕಡ್ಡಿಯಕ್ಕನ ಮಗಳು. ಅವರೂ ಇಲ್ಲೇ ಪೆಟ್ಟಿಗೆ ಕಟ್ಟುವ ಮೇಜಿನಲ್ಲಿದ್ದಾರೆ. ತಾಯಿಯ ಜೊತೆ ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಗಂಡ ಕೂರುವಂತಾದ ವಾರ ಶೆಡ್ಡಿಗೆ ಬಂದು, ಕಡ್ಡಿ ನೋಡುವುದು ಹೇಗೆಂದು ತೋರಿಸಿಕೊಡು ಎಂದರಂತೆ, ಅಷ್ಟೇ. ಅವತ್ತಿನಿಂದ ದಿನಾ ಬೆಳಿಗ್ಗೆ ತಾಯಿ ನೋಡಿಟ್ಟ ಹದಿನೇಳನ್ನು ಮಗಳು ಮತ್ತೊಮ್ಮೆ ನೋಡುತ್ತಾರೆ. ಎಲ್ಲಿಗೂ ಹೋಗದೆ ನಿಂತಿದ್ದ ಬೈಕನ್ನು ಹತ್ತು ತಿಂಗಳು ಇಬ್ಬರೂ ನೋಡಿದ್ದಾರೆ.

ಇವತ್ತೂ ಬರುತ್ತಾರೆ. ತಾಯಿ ಎದ್ದು ಜಾಗ ಬಿಡುತ್ತಾರೆ. ಮಗಳು ಕಡ್ಡಿ ಒರೆಸಿ, ತಿರುಗಿಸದೆ ಬಾಯಿಗೆ ತಾಗಿಸಿಟ್ಟು, ತೆಗೆದು, ಬೆಳಕಿಗೆ ಹಿಡಿಯುತ್ತಾರೆ. ಆಯಿಲ್ ಮೇಲಿನ ಗೀಟಿಗೆ ಕೂದಲೆಳೆ ಕೆಳಗೆ ನಿಂತಿದೆ. ಮಗಳು ಮುಚ್ಚಳ ಬಿಗಿ ಮಾಡಿ, ಏನೂ ಹೇಳದೆ ಮೇಜಿಗೆ ಹೋಗುತ್ತಾರೆ. ಅವರ ಬೆನ್ನ ಹಿಂದೆ ಶೆಡ್ಡಿನ ಗೋಡೆಯ ಮೇಲೆ ಕಡ್ಡಿಯಕ್ಕ ಕೆಂಪು ಬಣ್ಣದಲ್ಲಿ ಬರೆದದ್ದು ದಪ್ಪಕ್ಷರದಲ್ಲಿದೆ: ಹದಿಮೂರರಿಂದ ಹದಿನೇಳು, ಕಡ್ಡಿ ತಿರುಗಿಸಬೇಡಿ.

"ಹದಿನೇಳು, ಬಾ ಇಲ್ಲಿ," ಎಂದು ಅಕ್ಕ ಕರೆಯುತ್ತಾರೆ. ಮನೆಯಲ್ಲಾದರೆ 'ಬನ್ನಿ' ಅನ್ನುತ್ತಾರಂತೆ. ಅಂಗಳದಲ್ಲಿ ಅಳಿಯನೂ ಒಂದು ನಂಬರು. ಆರನೇ ತಿರುವಿನ ಬಂಡೆಯ ನೆರಳಲ್ಲಿ ಹತ್ತು ನಿಮಿಷ ಆಫ್ ಮಾಡಿ ನಿಲ್ಲಬೇಕು, ಅರ್ಧ ಕ್ಲಚ್ಚಿನಲ್ಲಿ ಎಳೆಸಬಾರದು, ಎಂಜಿನ್ ಮುಂದೆ ಚೀಲ ಗೀಲ ನೇತುಹಾಕಿ ಗಾಳಿಗೆ ಅಡ್ಡ ಮಾಡಬಾರದು. ಅಳಿಯ ಎಲ್ಲಕ್ಕೂ ತಲೆಯಾಡಿಸಿ, ಇಷ್ಟನ್ನೂ ನೆನಪಿಟ್ಟುಕೊಂಡರೆ ರಸ್ತೆ ನೋಡುವವರು ಯಾರು ಎನ್ನುತ್ತಾರೆ. ಏಳೂವರೆಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾರೆ. ಮಗಳು ಮೇಜು ಬಿಟ್ಟು ಹೊರಗೆ ಬರುವುದಿಲ್ಲ. ಟೇಪು ಹರಿಯುವ ಸದ್ದು ಮಾತ್ರ ಒಂದು ಗಳಿಗೆ ನಿಲ್ಲುತ್ತದೆ.

ಹನ್ನೊಂದರಿಂದ ಬೈಕುಗಳು ಬರತೊಡಗುತ್ತವೆ. ಬಂದವರು ಕೂಡಲೇ ಇಳಿದು ಹೋಗುವಂತಿಲ್ಲ, ಅಂಗೈ ಎಣಿಸುವವರೆಗೆ ನಿಲ್ಲಬೇಕು. ಎರಡು, ಎಂಟು. ಏಳು, ಎಂಟು. ಹದಿಮೂರು, ಎಂಟು. ನಾಲ್ಕು, ಏಳು, ಜೊತೆಗೆ ಒಂದು ಬೈಗುಳ. ಅಪಘಾತದ ಮೇಲೆ ಮ್ಯಾನೇಜರು ಬಿಸಿ ಅಳೆಯುವ ಪಿಸ್ತೂಲಿನಂಥ ಸಾಧನ ತರಿಸಿಕೊಟ್ಟಿದ್ದಾರೆ. ಕಡ್ಡಿಯಕ್ಕ ಅದರಲ್ಲೂ ನೋಡುತ್ತಾರೆ, ಆದರೆ ಅಂಗೈಯ ನಂತರ.

"ಬ್ಯಾಟರಿ ಮುಗಿದ್ರೆ ಅದು ಸುಮ್ನಾಗುತ್ತೆ. ಕೈ ಸುಮ್ನಾಗಲ್ಲ. ಹೋದ ವರ್ಷವೂ ಸುಮ್ನಿರಲಿಲ್ಲ, ನಾನೇ ಕೇಳಿಸ್ಕೊಳ್ಳಲಿಲ್ಲ."

ಹದಿನೇಳು ಹನ್ನೆರಡೂವರೆಗೆ ಬರಬೇಕು. ಬೆಟ್ಟದಲ್ಲಿ ಫೋನ್ ಸಿಗುವುದಿಲ್ಲ. ಹನ್ನೆರಡೂವರೆಯಾಯಿತು. ಆಯಿಲ್ ಡ್ರಮ್ಮಿನ ಮೇಲೆ ಕಡ್ಡಿಯಕ್ಕನ ಊಟದ ಡಬ್ಬಿ ಮುಚ್ಚಿದ ಹಾಗೇ ಇದೆ. ತಿನ್ನುವುದಿಲ್ಲವೇ ಎಂದು ಕೇಳುತ್ತೇನೆ. ಆಮೇಲೆ ಎನ್ನುತ್ತಾರೆ. ಒಂದು ಗಂಟೆ. ಗೇಟಿನಾಚೆಯ ರಸ್ತೆ ಬಿಸಿಲಿಗೆ ನೀರಿನ ಹಾಗೆ ಅಲೆಯಾಡುತ್ತಿದೆ. ಅವರು ಹನ್ನೆರಡರ ಕಡ್ಡಿ ಒರೆಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮತ್ತೆ ಒರೆಸುತ್ತಾರೆ. ಒಳಗೆ ಮಗಳು ಕಟ್ಟಿ ಮುಗಿಸಿದ ಪೆಟ್ಟಿಗೆಯೊಂದನ್ನು ಬಿಚ್ಚಿ, ಎಣಿಸಿ, ಮತ್ತೆ ಕಟ್ಟುತ್ತಾರೆ. ಇಬ್ಬರೂ ಗೇಟಿನ ಕಡೆ ನೋಡುವುದಿಲ್ಲ.

ಒಂದೂ ಇಪ್ಪತ್ತಕ್ಕೆ ಕಡ್ಡಿಯಕ್ಕ ತಲೆಯೆತ್ತುತ್ತಾರೆ. ನನಗೆ ಏನೂ ಕೇಳಿಸಿಲ್ಲ.

"ಮೂರನೇ ಗೇರಲ್ಲಿದ್ದಾನೆ," ಎನ್ನುತ್ತಾರೆ.

ಅರ್ಧ ನಿಮಿಷದ ಮೇಲೆ ನನಗೂ ಕೇಳಿಸುತ್ತದೆ. ಹದಿನೇಳು ಗೇಟು ದಾಟಿ ಒಳಬರುತ್ತದೆ. ಅಳಿಯನ ಮುಖದ ತುಂಬ ಧೂಳು, ಹೆಲ್ಮೆಟ್ ತೆಗೆದರೆ ಕೂದಲು ಒದ್ದೆ. ಯಾಕೆ ತಡವಾಯಿತೆಂದು ಅವರೇ ಹೇಳುತ್ತಾರೆ. ಆರನೇ ತಿರುವಿನಲ್ಲಿ ನಿಂತರಂತೆ. ಮೂರನೆಯದರಲ್ಲೂ ನಿಂತಿದ್ದರಂತೆ. ಹನ್ನೊಂದನೆಯದು ಬಂದಾಗ ಬೈಕು ಚೆನ್ನಾಗಿಯೇ ಎಳೆಯುತ್ತಿತ್ತು, ಆದರೂ ನಿಲ್ಲಿಸಿದರು. ಇಳಿದು ನೋಡಿದರೆ ಹಳೆಯ ಹೆಡ್‌ಲೈಟಿನ ಗಾಜು ಇನ್ನೂ ಮಣ್ಣಲ್ಲಿ ಹೊಳೆಯುತ್ತಿತ್ತು. ಅದನ್ನೆಲ್ಲ ಆರಿಸಿ ಪಕ್ಕಕ್ಕೆ ಹಾಕಿದರು.

"ಬೈಕು ಬಿಸಿ ಆಗಿರಲಿಲ್ಲ ಅತ್ತೆ. ನಾನೇ ಆಗಿದ್ದೆ. ಅದಕ್ಕೇ ಅಲ್ಲೂ ಹತ್ತು ನಿಮಿಷ ನಿಂತೆ."

"ಔಷಧ?"

"ಹನ್ನೊಂದಕ್ಕೆಲ್ಲ ನರ್ಸಮ್ಮನ ಕೈಗೆ ಕೊಟ್ಟೆ. ಪೆಟ್ಟಿಗೆಯೊಳಗೆ ಐಸ್ ಇನ್ನೂ ಗಡಗಡ ಅಂತಿತ್ತು."

ಕಡ್ಡಿಯಕ್ಕ ಕುಕ್ಕರಗಾಲಲ್ಲಿ ಕೂತು ಅಂಗೈ ಒಡ್ಡುತ್ತಾರೆ. ದಿನಾ ಮನಸ್ಸಿನಲ್ಲೇ ಎಣಿಸುವವರು ಇವತ್ತು ತುಟಿ ಅಲ್ಲಾಡಿಸುತ್ತಿದ್ದಾರೆ. ಆರಾಯಿತು. ಏಳಾಯಿತು. ಮಗಳು ಯಾವಾಗ ಬಂದು ಕಪ್ಪು ಗೋಡೆಯ ಬಳಿ ನಿಂತರೋ ನಾನು ನೋಡಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಇದೆ.

"ಎಷ್ಟಮ್ಮ?"

"ಎಂಟು."

ಮಗಳು ಎಂಟು ಎಂದು ಬರೆಯುತ್ತಾರೆ. ಪಿಸ್ತೂಲು ಮೊಳೆಯಲ್ಲಿ ನೇತಾಡುತ್ತಲೇ ಇರುತ್ತದೆ, ಯಾರೂ ಅದನ್ನು ತೆಗೆಯುವುದಿಲ್ಲ. ಅಳಿಯ ಹೆಲ್ಮೆಟ್ಟಿನ ಮೇಲೆಯೇ ಕೂತು, ಒಂದು ಚೊಂಬು ನೀರನ್ನು ಗಟಗಟ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಳ್ಳುತ್ತಾರೆ. ಬೆಳಿಗ್ಗೆ ತನಗೆ ಹೇಳಿದ್ದನ್ನು ಇವರು ಈಗ ಮಾಡುತ್ತಿದ್ದಾರೆ ನೋಡಿ ಎಂದು ನಾಲ್ಕು ಆಚೆಯಿಂದ ಕೂಗುತ್ತಾನೆ. ಕಡ್ಡಿಯಕ್ಕ ನಗುತ್ತಾರೆ. ಮಗಳೂ ನಗುತ್ತಾರೆ, ಮುಖ ಗೋಡೆಯ ಕಡೆಗಿಟ್ಟುಕೊಂಡು.

ಡಿಪೋದಿಂದ ನಿಮಗೆ ಏನಾದರೂ ಬೇಕೇ ಎಂದು ಕೇಳಿದೆ. ಪಶ್ಚಿಮದ ಬದಿಗೆ ನಾಲ್ಕು ತಗಡು ಹಾಕಿಸಿಕೊಟ್ಟರೆ ಬಂದ ಬೈಕುಗಳು ನೆರಳಲ್ಲಿ ಆರುತ್ತವೆ ಎಂದರು. ನಿಮಗೇ ಏನು ಬೇಕು ಎಂದು ಕೇಳಿದ್ದು ಎಂದೆ. ಅವರು ಹದಿನೇಳರ ಕಡೆ ತಿರುಗಿದರು.

ಎಂಜಿನ್ ಆರಿ, ಆಯಿಲ್ ತಳಕ್ಕಿಳಿಯಲು ಹತ್ತು ನಿಮಿಷ ಬೇಕು. ಆಮೇಲೆ ಅವರು ಹದಿನೇಳರ ಕಡ್ಡಿ ತೆಗೆದು, ಒರೆಸಿ, ತಿರುಗಿಸದೆ ಇಟ್ಟು ನೋಡುತ್ತಾರೆ. ಬೆಳಿಗ್ಗೆ ಇದ್ದಲ್ಲೇ ಇದೆ. ಬಿಳಿ ಚೂರಿನ ಮೇಲೆ ಜೇನಿನ ಬಣ್ಣ. ಬೆಳಗಿನ ರೂಢಿಯಂತೆ ಕಡ್ಡಿಯನ್ನು ಮಗಳ ಕಡೆ ಚಾಚುತ್ತಾರೆ. ಮಗಳು ತೆಗೆದುಕೊಳ್ಳುವುದಿಲ್ಲ.

"ನೀನು ನೋಡಿದೆಯಲ್ಲ ಅಮ್ಮ, ಸಾಕು. ನಾಳೆಯಿಂದ ನಾನು ಬರಲ್ಲ."

ಕಡ್ಡಿಯಕ್ಕ ಚಾಚಿದ ಕೈ ಹಿಂದೆ ತೆಗೆಯುವುದಿಲ್ಲ. ಹತ್ತು ತಿಂಗಳಿಂದ ಕಾಯುತ್ತಿದ್ದ ಮಾತು ಅದೇ ಇರಬೇಕು. ಆದರೆ ಅವರ ಬಾಯಿಂದ ಬಂದದ್ದು ಬೇರೆ.

"ಬಾ. ನೋಡೋದು ಬಿಡಬೇಡ. ಹೋದ ವರ್ಷ ನನ್ನ ಹಿಂದೆ ನೋಡೋರು ಯಾರೂ ಇರಲಿಲ್ಲ."

ಮಗಳು ಕಡ್ಡಿ ಇಸಿದುಕೊಂಡು, ಒರೆಸಿ, ಇಟ್ಟು, ತೆಗೆದು ನೋಡುತ್ತಾರೆ. "ಗೀಟಿಗೆ ಕೂದಲೆಳೆ ಕೆಳಗೆ," ಎಂದು ಜೋರಾಗಿಯೇ ಹೇಳುತ್ತಾರೆ. ಅಷ್ಟು ದಿನವೂ ಮಗಳು ನೋಡಿದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲವೆಂದು ಅಳಿಯ ನನಗೆ ಆಮೇಲೆ ಹೇಳಿದರು.

ಕಡ್ಡಿಯಕ್ಕ ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಕೈ ಉಜ್ಜಿ ತೊಳೆದು, ಡ್ರಮ್ಮಿನ ಮೇಲಿನ ಡಬ್ಬಿ ತೆಗೆದುಕೊಂಡು ಬಾಗಿಲ ನೆರಳಲ್ಲಿ ಕೂರುತ್ತಾರೆ. ಎರಡು ಗಂಟೆಗೆ ಐದು ನಿಮಿಷ ಇದೆ. ಮುಚ್ಚಳ ಬಿಚ್ಚುತ್ತ ನನ್ನ ಪ್ರಶ್ನೆಗೆ ಉತ್ತರ ಕೊಡುತ್ತಾರೆ.

"ನನಗೇನು ಬೇಕು ಅಂದ್ರಲ್ಲ. ಬೆಳಿಗ್ಗೆ ಇಬ್ಬರೂ ನೋಡಿ ಕಳಿಸಿದ ಮೇಲೆ, ನಾಳೆಯಿಂದ ನಾನು ಒಂದು ಗಂಟೆಗೇ ಊಟ ಮಾಡ್ಬೇಕು. ಅಷ್ಟೇ."